ಲಿಫ್ಟಿನವರ ಬಗ್ಗೆ ಅತ್ತಿಗೆ ಬರೆದದ್ದು

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಹೊರಕೋಣೆಯಲ್ಲಿ ಸೇರುವವರಿಗೆ ಒಂದು ಕಟ್ಟಳೆ ಇದೆ. ಮೆಚ್ಚಿನ ಲೇಖಕರ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು, ಹೆಸರು ಮಾತ್ರ ಹೇಳಬಾರದು. ಬಾಯಿ ತಪ್ಪಿ ಹೇಳಿದವರು ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಬೇಕು. ಈ ಕಟ್ಟಳೆ ಹಾಕಿದವರು ನನ್ನ ಅತ್ತಿಗೆ. ಹೆಸರು ಬಂದ ಕೂಡಲೇ ಯಾರು ದೊಡ್ಡವರು, ಯಾರು ಸಣ್ಣವರು ಎಂದು ತಕ್ಕಡಿ ಹಿಡಿದು ಕೂತುಬಿಡುತ್ತೇವೆ, ಅವರು ಬರೆದದ್ದು ಪಾಪ ಬಾಗಿಲಾಚೆಯೇ ನಿಂತಿರುತ್ತದೆ ಎಂಬುದು ಅವರ ವಾದ. ಹಾಗಾಗಿ ನಮ್ಮಲ್ಲಿ ಯಾರಿಗೆ ಯಾರು ಇಷ್ಟ ಎಂದು ತಿಳಿಯಬೇಕಾದರೆ, ಒಂದು ಸಾಲು ಅವರಿಗೆ ಏನು ಮಾಡಿತು ಎಂದು ಕೇಳಬೇಕು. ಬಸ್ಸು ತಪ್ಪಿಸಿಕೊಂಡೆ, ಸಾರು ಸೀದುಹೋಯಿತು, ಅಪ್ಪನ ಜೊತೆ ಮಾತು ಬಿಟ್ಟಿದ್ದವಳು ಎದ್ದು ಹೋಗಿ ಮಾತಾಡಿಸಿದೆ, ಹೀಗೆ.

ಸೇರುವವರು ಕೆಲವೇ ಮಂದಿ. ಒಬ್ಬರು ನಿವೃತ್ತ ಮೇಷ್ಟ್ರು. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದಾರೆ, ರಾಜ ಇನ್ನೂ ಯುದ್ಧಕ್ಕೆ ಹೊರಟಿಲ್ಲ. ಇನ್ನೊಬ್ಬರು ಬಸ್ ಕಂಡಕ್ಟರ್. ಹಿಂದಿನ ಸೀಟಿನವರೆಗೂ ಮುಟ್ಟುವ ಗಂಟಲು ಅವರದು, ಆದ್ದರಿಂದ ಯಾರು ಬರೆದು ತಂದದ್ದನ್ನೇ ಆಗಲಿ ಗಟ್ಟಿಯಾಗಿ ಓದುವ ಕೆಲಸ ಅವರಿಗೇ ಬಿಟ್ಟದ್ದು. ಮೂರನೆಯವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕ. ಅವರ ಕಥೆಗಳು ಅರ್ಧ ಪುಟ ದಾಟುವುದಿಲ್ಲವಾದ್ದರಿಂದ ಅವರು ನಮಗೆಲ್ಲ ಮಾತ್ರೆ ಅಕ್ಕ. ಇವರ ನಡುವೆ ನಾನು, ಕಾಲೇಜಿನ ಕೊನೆಯ ವರ್ಷದವಳು, ಬರೆದದ್ದಕ್ಕಿಂತ ಹರಿದು ಹಾಕಿದ್ದೇ ಹೆಚ್ಚು.

ಚಹಾ ಮಾಡುವವರು ಸಾಮಾನ್ಯವಾಗಿ ಮೇಷ್ಟ್ರೇ. ತಮ್ಮ ಮೆಚ್ಚಿನ ಕಾದಂಬರಿಕಾರರ ಹೆಸರನ್ನು ಬಿರುದು ಸಮೇತ ಹೇಳದೆ ಹೋದರೆ ಅವರಿಗೆ ಗುರುದ್ರೋಹ ಮಾಡಿದಂತಾಗುತ್ತದಂತೆ. ಪೂರ್ತಿ ಹೆಸರು ಹೇಳಿ, ಕೈ ಮುಗಿದು, ತಾವೇ ಎದ್ದು ಅಡುಗೆಮನೆಗೆ ನಡೆಯುತ್ತಾರೆ. ಅವರ ಚಹಾ ಚೆನ್ನಾಗಿರುತ್ತದೆ ಎಂದು ಕಂಡಕ್ಟರ್ ಬೇಕೆಂದೇ ಆ ಕಾದಂಬರಿಕಾರರನ್ನು ಕೆಣಕುವುದೂ ಉಂಟು.

ಅತ್ತಿಗೆ ನಮ್ಮ ಮನೆಗೆ ಬಂದಾಗ ನಾನು ಲಂಗದ ಹುಡುಗಿ. ಅಮ್ಮ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಅಣ್ಣ ನೀರು ಸರಬರಾಜಿನ ಪಂಪುಮನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ, ಈಗಲೂ ಅಲ್ಲೇ. ಅತ್ತಿಗೆ ಮದುವೆಗೆ ಮೊದಲಿನಿಂದಲೂ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಕೌಂಟರಿನಲ್ಲಿದ್ದವರು. ಕಾಯುವ ಜನರ ಮುಖ ನೋಡುವುದೇ ಅಲ್ಲಿ ಅವರ ಓದು. ಕೆನ್ನೆ ಹಿಡಿದು ಕೂತವರು, ನೋವಿಲ್ಲದಿದ್ದರೂ ಹೆದರಿ ಕೂತವರು, ಜೊತೆಗೆ ಬಂದು ನಿದ್ದೆ ಹೋದವರು. ಅವರನ್ನು ಕುರಿತು ಹಳೆಯ ಚೀಟಿಗಳ ಬೆನ್ನಿಗೆ ಒಂದೆರಡು ಸಾಲು ಗೀಚಿ ಪರ್ಸಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ತರಕಾರಿ ಹೆಚ್ಚುವಾಗ ಅವನ್ನು ನನಗೆ ಓದಿ ಹೇಳುತ್ತಿದ್ದರು. ನಾನು ನಕ್ಕರೆ ಒಂದು ಕಡೆ ಇಡುತ್ತಿದ್ದರು, ಸುಮ್ಮನಾದರೆ ಇನ್ನೊಂದು ಕಡೆ. ಸುಮ್ಮನಾದ ಕಡೆಯವೇ ಒಳ್ಳೆಯವು ಎನ್ನುತ್ತಿದ್ದರು. ಬರೆಯುವುದೆಂದರೆ ನಮ್ಮಂಥ ಮನೆಯಲ್ಲೂ ಆಗುವ ಕೆಲಸ ಎಂದು ನಾನು ತಿಳಿದದ್ದು ಆ ಮಣೆಯ ಪಕ್ಕದಲ್ಲಿ ಕೂತು.

ನಂಟರೊಬ್ಬರು ನಿವೃತ್ತರಾದಾಗ ಸಭೆಯಲ್ಲಿ ಓದಲು ನಾಲ್ಕು ಮಾತು ಬರೆದುಕೊಡು ಎಂದರು. ಅತ್ತಿಗೆ ಬರೆದುಕೊಟ್ಟರು. ಅದನ್ನು ಕೇಳಿದ ಪ್ರೆಸ್ಸಿನ ಯಜಮಾನರು ಅವರನ್ನು ಹುಡುಕಿಕೊಂಡು ಬಂದರು. ಅರವತ್ತು ತುಂಬಿದವರು, ನಿವೃತ್ತರಾಗುವವರು, ಇಂಥವರ ಜೀವನವನ್ನು ಸಣ್ಣ ಪುಸ್ತಿಕೆಯಾಗಿ ಮಾಡಿಸುವ ಗಿರಾಕಿಗಳು ಅವರಲ್ಲಿಗೆ ಬರುತ್ತಿದ್ದರು. ಅಚ್ಚು ಮಾಡಲು ಯಂತ್ರವಿತ್ತು, ಬರೆಯಲು ಜನವಿರಲಿಲ್ಲ. ಹೀಗೆ ಅತ್ತಿಗೆಯ ಫ್ರೀಲ್ಯಾನ್ಸ್ ಶುರುವಾಯಿತು. ಸ್ವಲ್ಪ ದಿನ ಎರಡೂ ದೋಣಿಯಲ್ಲಿ ಕಾಲಿಟ್ಟು ನೋಡಿದರು. ಆಮೇಲೆ ಒಂದು ದಿನ ಅಣ್ಣನ ತಟ್ಟೆಗೆ ಬಡಿಸುತ್ತಾ, ಕ್ಲಿನಿಕ್ ಬಿಟ್ಟು ಬರೆಯುವುದನ್ನೇ ಹಿಡಿಯಲೇ ಎಂದು ಕೇಳಿದರು. ಅಣ್ಣ ಬಹಳ ಹೊತ್ತು ಉಂಡ. ಒಂದು ವರ್ಷ ನೋಡು, ಆಗದಿದ್ದರೆ ಕೌಂಟರು ಇದ್ದೇ ಇದೆ ಎಂದ. ಹಲ್ಲಿನ ಡಾಕ್ಟರರೂ ಒಳ್ಳೆಯವರು. ಆ ಒಂದು ವರ್ಷಕ್ಕೆ ತಾತ್ಕಾಲಿಕವಾಗಿ ಬೇರೆ ಹುಡುಗಿಯನ್ನು ಕೂರಿಸುತ್ತೇನೆ, ವರ್ಷ ಮುಗಿದ ಮೇಲೆ ಬರುತ್ತೀಯೋ ಇಲ್ಲವೋ ಒಂದು ಮಾತು ಹೇಳು ಎಂದರು.

ಲಿಫ್ಟಿನವರ ಕೆಲಸ ಬಂದದ್ದು ಆ ವರ್ಷ ಮುಗಿಯುತ್ತಾ ಬಂದಾಗ.

ಅವರು ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೂ ಅದೇ ಲಿಫ್ಟು, ಅದೇ ಮರದ ಸ್ಟೂಲು. ಪುಸ್ತಿಕೆ ಮಾಡಿಸುತ್ತಿದ್ದವಳು ಅವರ ಮಗಳು. ಅತ್ತಿಗೆ ಪ್ರಶ್ನೆಗಳ ಹಾಳೆ ಹಿಡಿದು ಅವರ ಮನೆಗೆ ಹೋದರು, ಜೊತೆಗೆ ನಾನೂ. ಮಗಳು, ಅಳಿಯ, ಮೊಮ್ಮಗಳು, ಹೆಂಡತಿ ಎಲ್ಲ ಎದುರಿಗೇ ಕೂತಿದ್ದರು. ಲಿಫ್ಟಿನವರು ಗರಿಗರಿ ಅಂಗಿ ಹಾಕಿಕೊಂಡು ಫೋಟೋಗೆ ಕೂತವರಂತೆ ಕೂತಿದ್ದರು. ಮರೆಯಲಾಗದ ಘಟನೆ ಯಾವುದು ಎಂದು ಅತ್ತಿಗೆ ಕೇಳಿದರು. ಅಂಥದ್ದೇನೂ ಇಲ್ಲ ಎಂದರು. ಕಷ್ಟದ ದಿನಗಳು? ದೇವರು ನಡೆಸಿಕೊಂಡು ಹೋದ. ಸಂತೋಷದ ದಿನ? ಮಗಳ ಮದುವೆ. ಎಲ್ಲದಕ್ಕೂ ಮಗಳೇ ನಾಲ್ಕು ಮಾತು ಸೇರಿಸಿದಳು. ಹೊರಗೆ ಬಂದ ಮೇಲೆ ಅತ್ತಿಗೆ, ಮೇಲೆ ಕೆಳಗೆ, ಮೇಲೆ ಕೆಳಗೆ, ಇದನ್ನು ಎಷ್ಟು ಪುಟ ಎಳೆಯಲಿ ಎಂದರು. ಮುಖ ಸಪ್ಪಗಾಗಿತ್ತು.

ಆದರೆ ಮುಂದಿನ ಭಾನುವಾರ ಅವರು ತಂದ ಕರಡಿನಲ್ಲಿ ಒಂದು ಪುಟವಿತ್ತು. ಒಮ್ಮೆ ಕರೆಂಟು ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ನಿಲ್ಲುತ್ತದೆ. ಒಳಗೆ ಲಿಫ್ಟಿನವರು ಮತ್ತು ಒಬ್ಬಳು ಪುಟ್ಟ ಹುಡುಗಿ. ಅವಳ ಅಮ್ಮನನ್ನು ಮೇಲಿನ ಮಹಡಿಯಲ್ಲಿ ಆಪರೇಷನ್‌ಗೆ ಕರೆದೊಯ್ದಿರುತ್ತಾರೆ. ಕತ್ತಲಲ್ಲಿ ಹುಡುಗಿ ಅಳುವುದಿಲ್ಲ, ಲಿಫ್ಟಿನವರ ಅಂಗಿಯ ಗುಂಡಿ ಹಿಡಿದುಕೊಂಡು ನಿಲ್ಲುತ್ತಾಳೆ. ಅವರು ಸಣ್ಣ ದನಿಯಲ್ಲಿ ಒಂದು ಹಾಡು ಹೇಳುತ್ತಾರೆ. ಬೆಳಕು ಬಂದಾಗ ಗುಂಡಿ ಅವಳ ಮುಷ್ಟಿಯಲ್ಲಿರುತ್ತದೆ.

ಕಂಡಕ್ಟರ್ ಓದಿ ಮುಗಿಸಿದರು. ಹಾಡಿನ ಜಾಗಕ್ಕೆ ಬಂದಾಗ ದನಿ ಇಳಿಸಿದ್ದರು. ಮಾತ್ರೆ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ಉಳಿದ ಪುಟಗಳು ಹೇಗೂ ಇರಲಿ, ಈ ಒಂದು ಪುಟ ಮಾತ್ರ ಯಾರ ಮಾತಿಗೂ ಮುಟ್ಟಬೇಡಿ ಎಂದು ಮೇಷ್ಟ್ರು ಅಪ್ಪಣೆ ಕೊಡಿಸಿದರು. ನಾನು ಅತ್ತಿಗೆಯ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಹೊಗಳಿಕೆಗೆ ನಾಚಿಕೊಂಡಿದ್ದಾರೆ ಎಂದುಕೊಂಡೆ.

ಅವತ್ತು ಮಾತು ಫ್ರೀಲ್ಯಾನ್ಸ್ ಕಡೆಗೆ ಹೊರಳಿತ್ತು. ಕಂಡಕ್ಟರಿಗೂ ಪತ್ರಿಕೆಗಳಿಗೆ ಸಣ್ಣಪುಟ್ಟ ಬರಹ ಮಾಡಿಕೊಡುವ ಆಸೆ. ಆದರೆ ಒಂದು ಅನುಮಾನ.

“ಅಕ್ಕಾ, ಬೇರೆಯವರಿಗೆ ಬರೆದೂ ಬರೆದೂ ಕೊನೆಗೆ ನಮ್ಮ ಕಥೆ ಬರೆಯೋ ಕೈ ಉಳಿಯುತ್ತಾ?”

“ಉಳಿಯುತ್ತೆ” ಎಂದರು ಅತ್ತಿಗೆ. “ಸುಮ್ಮನೆ ಉಳಿಯಲ್ಲ ಅಷ್ಟೇ. ಕರೆಯದೇ ಇದ್ದ ಕಡೆಗೂ ಬಂದು ಕೂರುತ್ತೆ.”

ನಾವೆಲ್ಲ ನಕ್ಕೆವು. ಆ ಮಾತು ಎಷ್ಟು ನಿಜವೆಂದು ಆಗ ತಿಳಿಯಲಿಲ್ಲ.

ಬೀಳ್ಕೊಡುಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಡೆಯಿತು. ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಮಗಳು ಪುಸ್ತಿಕೆ ಬಿಡಿಸಿ ಅದೇ ಪುಟವನ್ನು ಓದಿದಳು. ನರ್ಸುಗಳು ಕಣ್ಣೊರೆಸಿಕೊಂಡರು. ಮುಖ್ಯ ಡಾಕ್ಟರು ಎದ್ದು ಬಂದು ಲಿಫ್ಟಿನವರ ಬೆನ್ನು ತಟ್ಟಿ, ಇದನ್ನು ನಮಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಿರಲ್ಲ ಎಂದರು. ಲಿಫ್ಟಿನವರು ನೆಲ ನೋಡುತ್ತಾ ತಲೆಯಾಡಿಸಿದರು. ಪ್ರೆಸ್ಸಿನ ಯಜಮಾನರು ಅಲ್ಲೇ ಅತ್ತಿಗೆಯ ಹತ್ತಿರ ಬಂದು, ಇನ್ನು ನಿಮಗೆ ಕೈತುಂಬ ಕೆಲಸ, ಎಲ್ಲಿಗೂ ಹೋಗಬೇಡಿ ಎಂದರು. ಮನೆಗೆ ನಡೆದು ಬರುವಾಗ ನಾನು ಕುಣಿಯುವುದೊಂದು ಬಾಕಿ. ಕೌಂಟರಿಗೆ ವಾಪಸ್ ಹೋಗುವ ಮಾತೇ ಇಲ್ಲವಲ್ಲ ಅತ್ತಿಗೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಮರುದಿನ ಬಿಟ್ಟು ಅದರ ಮರುದಿನ ಬೆಳಗ್ಗೆ ಬಾಗಿಲಲ್ಲಿ ಲಿಫ್ಟಿನವರು ನಿಂತಿದ್ದರು. ಹೆಗಲಿಗೆ ಬಟ್ಟೆಯ ಚೀಲ, ಅದರ ತುಂಬ ಪುಸ್ತಿಕೆಗಳು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕುರ್ಚಿಯ ಅಂಚಿನಲ್ಲಿ ಕೂತರು. ಅತ್ತಿಗೆ ನೀರು ತಂದುಕೊಟ್ಟರು. ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು.

“ಅಮ್ಮಾ, ಈ ಹುಡುಗಿ ಯಾರು?”

ಅತ್ತಿಗೆ ಖಾಲಿ ಲೋಟ ಎತ್ತಿಕೊಂಡರು.

“ಮನೆಯವಳು ಕೇಳ್ತಾಳೆ, ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ ಅಂತ. ಮೊಮ್ಮಗಳು ತಾತಾ ಆ ಹಾಡು ಹಾಡು ಅಂತ ಕಾಲಿಗೆ ಸುತ್ಕೊಳ್ತಾಳೆ. ನನಗೆ ಹಾಡೋಕೇ ಬರಲ್ಲಮ್ಮ. ಮರೆತಿರಬೇಕು ಅಂದ್ಕೊಂಡು ನಾನೂ ಕೂತು ನೆನಪು ಮಾಡ್ಕೊಂಡೆ. ಯಾರೂ ಸಿಗಲಿಲ್ಲ.”

“ಆ ಹುಡುಗಿ ಇಲ್ಲ. ನಾನು ಕಟ್ಟಿ ಬರೆದದ್ದು” ಎಂದರು ಅತ್ತಿಗೆ.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಪುಸ್ತಿಕೆಯೊಂದನ್ನು ತೆಗೆದು ಆ ಪುಟವನ್ನು ಹೊಸಬರ ಮನೆ ನೋಡಿದ ಹಾಗೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

“ಅಷ್ಟು ವರ್ಷದಲ್ಲಿ ಬರೆಯೋ ಅಂಥದ್ದು ಒಂದೂ ಇರಲಿಲ್ಲ ಅನ್ನಿಸ್ತಾ ನಿಮಗೆ?”

“ಇತ್ತು. ನಾನು ಕೇಳಲಿಲ್ಲ. ಎಲ್ಲರನ್ನೂ ಎದುರಿಗೆ ಕೂರಿಸ್ಕೊಂಡು ಪರೀಕ್ಷೆ ಮಾಡಿದೆ.”

ಚೀಲವನ್ನು ನಮ್ಮಲ್ಲೇ ಬಿಟ್ಟು ಹೋದರು. ಯಾರಿಗೂ ಹೇಳುವುದಿಲ್ಲ, ನಿಮ್ಮ ಹೊಟ್ಟೆಪಾಡಿನ ವಿಷಯ, ಆದರೆ ನನ್ನ ಮನೆಯಲ್ಲಿ ಈ ಹುಡುಗಿ ಇರುವುದು ನನಗೆ ಕಷ್ಟ ಎಂದರು. ಸುಮ್ಮನಿದ್ದುಬಿಡಬಹುದಿತ್ತು. ಅತ್ತಿಗೆ ಸೀರೆ ಬದಲಿಸಿ ಪ್ರೆಸ್ಸಿಗೆ ಹೊರಟರು. ನಾನು ಹಿಂದೆಯೇ ಹೋದೆ.

ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಯುತ್ತಿತ್ತು, ನೆಲದ ಮೇಲೆ ಬಿಳಿಯ ಎಳೆಗಳ ರಾಶಿ. ಯಜಮಾನರು ನಗುತ್ತಲೇ ಬರಮಾಡಿಕೊಂಡು ಮೇಜಿನ ಮೇಲಿದ್ದ ಒಂದು ಕವರನ್ನು ಅತ್ತಿಗೆಯ ಕಡೆ ಸರಿಸಿದರು. ಅಂಚೆ ಹಂಚುವವರೊಬ್ಬರು ನಿವೃತ್ತರಾಗುತ್ತಿದ್ದಾರೆ, ಮನೆ ವಿಳಾಸ ಒಳಗಿದೆ ಎಂದರು. ಅತ್ತಿಗೆ ಅದನ್ನು ಮುಟ್ಟದೆ, ನಿಂತಲ್ಲೇ ಎಲ್ಲ ಹೇಳಿದರು. ಯಜಮಾನರ ಮುಖದ ನಗು ಒಂದೊಂದೇ ಮೆಟ್ಟಿಲು ಇಳಿಯಿತು.

“ಗಿರಾಕಿ ದೂರು ಕೊಟ್ಟಿಲ್ಲವಲ್ಲ. ನೀವೇ ಬಂದು ಯಾಕೆ ಹೇಳ್ತೀರಿ?”

“ಅವರು ದೂರು ಕೊಡೋ ಜನ ಅಲ್ಲ. ಅದಕ್ಕೇ.”

“ಆ ಪುಟ ಓದಿ ನಾನೂ ಅತ್ತಿದ್ದೀನಿ. ಆ ಕಣ್ಣೀರು ವಾಪಸ್ ಕೊಡ್ತೀರಾ?”

ಅತ್ತಿಗೆ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದರು. ಯಜಮಾನರು ಕವರನ್ನು ವಾಪಸ್ ಎಳೆದುಕೊಂಡರು. ಮೊದಲು ಅದನ್ನು ಸರಿ ಮಾಡಿ, ಒಂದು ಪುಟ ಅಚ್ಚು ಹಾಕಿಕೊಡುವುದು ನನಗೆ ದೊಡ್ಡದಲ್ಲ, ಮುಂದೆ ನಿಮ್ಮ ಕೈಗೆ ಯಾರ ಜೀವನವನ್ನಾದರೂ ಕೊಡಬಹುದೋ ಇಲ್ಲವೋ ಆಮೇಲೆ ನೋಡೋಣ ಎಂದರು. ದಾರಿಯಲ್ಲಿ ಅತ್ತಿಗೆ ಹಲ್ಲಿನ ಕ್ಲಿನಿಕ್ಕಿನ ಮುಂದೆ ಒಂದು ಗಳಿಗೆ ನಿಂತರು. ಗಾಜಿನ ಬಾಗಿಲಾಚೆ ಅವರ ಕುರ್ಚಿ, ಅದರಲ್ಲಿ ತಾತ್ಕಾಲಿಕದ ಹುಡುಗಿ. ಅತ್ತಿಗೆ ಒಳಗೆ ಹೋಗಲಿಲ್ಲ. ಸಂಜೆ ಅಣ್ಣನಿಗೆ ಹೇಳಿದಾಗ ಅವನು, ನನ್ನನ್ನು ಕೇಳಿದರೆ ಪಂಪು ಕೆಟ್ಟಾಗ ಮೊದಲು ನೀರು ನಿಲ್ಲಿಸುತ್ತೇವೆ, ಆಮೇಲೆ ಬಿಚ್ಚಿ ನೋಡುತ್ತೇವೆ, ನೀನು ನಿಲ್ಲಿಸಿದ್ದೀಯಲ್ಲ, ಇನ್ನು ಬಿಚ್ಚು ಎಂದ. ಅಣ್ಣನ ಬಾಯಲ್ಲಿ ಅಷ್ಟು ಉದ್ದದ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಆ ಭಾನುವಾರ ಅತ್ತಿಗೆ ನಮ್ಮ ಗುಂಪಿಗೂ ಹೇಳಿಬಿಟ್ಟರು. ಎಲ್ಲರಿಗಿಂತ ಹೆಚ್ಚು ನೊಂದುಕೊಂಡವರು ಕಂಡಕ್ಟರ್. ಹಾಡಿನ ಜಾಗದಲ್ಲಿ ನಾನು ದನಿ ಇಳಿಸಿ ಓದಿದ್ದೆನಲ್ಲ ಎಂದು ಗೊಣಗಿಕೊಂಡರು. ಮೇಷ್ಟ್ರು ಸುಲಭಕ್ಕೆ ಬಿಡಲಿಲ್ಲ. ಕಾದಂಬರಿಕಾರ ಇಲ್ಲದ ರಾಜನನ್ನೂ ಹುಟ್ಟಿಸುತ್ತಾನೆ, ಅದು ತಪ್ಪೇ ಎಂದು ವಾದಕ್ಕೆ ನಿಂತರು.

“ಮೇಷ್ಟ್ರೇ, ನಿಮ್ಮ ರಾಜ ಬಂದು ಕುರ್ಚಿಯ ಅಂಚಿನಲ್ಲಿ ಕೂತು ಇದ್ಯಾರ ಕಥೆ ಅಂತ ಕೇಳಲ್ಲ” ಎಂದರು ಮಾತ್ರೆ ಅಕ್ಕ. “ನಮ್ಮ ಅಂಗಡಿಯಲ್ಲಿ ಒಂದು ಡಬ್ಬಿಯ ಮಾತ್ರೆ ಇನ್ನೊಂದು ಡಬ್ಬಿಗೆ ಹಾಕಿದ್ರೆ ಎರಡೂ ಒಳ್ಳೆ ಮಾತ್ರೆಗಳೇ. ತಿಂದವನ ಕಥೆ ಏನಾಗಬೇಕು?”

ಮುಂದೆ ನಡೆದ ಮಾತು ನನಗೆ ಬಹಳ ದಿನ ಉಪಯೋಗಕ್ಕೆ ಬಂತು. ಕಥೆಯಲ್ಲಿ ಕಟ್ಟುವುದಕ್ಕೂ ಇನ್ನೊಬ್ಬರ ಬದುಕಿನೊಳಗೆ ಕಟ್ಟುವುದಕ್ಕೂ ಇರುವ ಗೋಡೆ ಎಲ್ಲಿದೆ, ನಮಗೆ ಮೆಚ್ಚಿನವರು ಅದನ್ನು ಹೇಗೆ ದಾಟಿದರು ಅಥವಾ ದಾಟಲಿಲ್ಲ ಎಂದು ಎಲ್ಲರೂ ಮಾತಾಡಿದರು. ಯಾರೂ ಯಾರ ಹೆಸರೂ ಹೇಳಲಿಲ್ಲ. ಅವತ್ತು ನಮಗೆ ಚಹಾ ಇಲ್ಲ.

ಅತ್ತಿಗೆ ಮತ್ತೆ ಲಿಫ್ಟಿನವರನ್ನು ಕಂಡರು. ಈ ಸಲ ಎಲ್ಲಿ ಕೂರೋಣ ಎಂದು ಅವರನ್ನೇ ಕೇಳಿದರು. ಅವರು ಆಸ್ಪತ್ರೆಯ ಕೆಳ ಅಂತಸ್ತಿನಲ್ಲಿ, ಲಿಫ್ಟಿನ ಎದುರಿನ ಬೆಂಚು ತೋರಿಸಿದರು. ನೋಡಲು ಬರುವವರ ಹೊತ್ತು ಮುಗಿದಿತ್ತು. ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಒದ್ದೆ. ಅತ್ತಿಗೆ ಪ್ರಶ್ನೆಗಳ ಹಾಳೆ ತಂದಿರಲಿಲ್ಲ. ಲಿಫ್ಟು ಬಂತು, ಬಾಗಿಲು ತೆರೆಯಿತು, ಜನ ಇಳಿದರು, ಬಾಗಿಲು ಮುಚ್ಚಿತು. ಹಾಗೇ ಎಷ್ಟೋ ಸಲ. ಲಿಫ್ಟಿನವರು ಹೊಸಬನು ಸರಳು ಬಾಗಿಲು ಎಳೆಯುವ ರೀತಿಗೆ ಒಮ್ಮೆ ಮುಖ ಸಿಂಡರಿಸಿದರು. ಸುಮ್ಮನೆ ಕೂರುವುದು ಅತ್ತಿಗೆಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ಕೂತರು.

ಕೊನೆಗೆ ಲಿಫ್ಟಿನವರೇ ಶುರು ಮಾಡಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ ಆ ಲಿಫ್ಟೆಂದರೆ ಭಯ. ಸರಳು ಬಾಗಿಲು ಎಳೆದ ಕೂಡಲೇ ಅಂಗೈ ಬೆವರುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಎಷ್ಟೋ ಬಾಗಿಲು ತಟ್ಟಿ ಸಿಕ್ಕಿದ ಕೆಲಸ. ಲಿಫ್ಟ್ ನಡೆಸುವವನೇ ಲಿಫ್ಟಿಗೆ ಹೆದರುತ್ತಾನೆ ಎಂದು ಯಾರಿಗೆ ಹೇಳುವುದು? ಹೆಂಗಸರ ವಾರ್ಡಿನಲ್ಲಿ ಒಬ್ಬ ಆಯಾ ಇದ್ದಳು, ಇವರಿಗಿಂತ ದೊಡ್ಡವಳು. ಒಂದು ದಿನ ಊಟದ ಬಿಡುವಿನಲ್ಲಿ ಬಕೆಟ್ಟು ಹಿಡಿದು ಲಿಫ್ಟಿನೊಳಗೆ ಬಂದಳು. ಬಕೆಟ್ಟು ಬೋರಲು ಹಾಕಿ ಮೂಲೆಯಲ್ಲಿ ಕೂತಳು. ಯಾವ ಮಹಡಿ ಎಂದು ಕೇಳಿದರೆ, ನೀನು ಹೋಗುವ ಮಹಡಿ ಎಂದಳು. ಮೇಲೆ ಹೋಗುವಾಗ ತನ್ನ ಅತ್ತೆಯನ್ನು ಬೈದಳು, ಕೆಳಗೆ ಬರುವಾಗ ನಾದಿನಿಯನ್ನು. ಮರುದಿನವೂ ಬಂದಳು. ಮಳೆಗಾಲ ಬರುವವರೆಗೂ ಅವಳು ದಿನಾ ಹಾಗೆ ಬಂದು ಕೂತಳು.

“ಅವಳ ಮಾತು ಕೇಳ್ತಾ ಕೇಳ್ತಾ ಬಾಗಿಲು ಮುಚ್ಚಿದ್ದೇ ಗೊತ್ತಾಗ್ತಿರಲಿಲ್ಲಮ್ಮ. ಒಂದು ದಿನ ಅವಳು ಬರಲಿಲ್ಲ. ಕೆಲಸ ಮುಗಿಸಿ ಮನೆಗೆ ಹೋಗೋವಾಗ ನೆನಪಾಯ್ತು, ಇವತ್ತು ನಾನು ಹೆದರಲೇ ಇಲ್ಲವಲ್ಲ ಅಂತ.”

“ಅವರಿಗೆ ಹೇಳಿದ್ರಾ?”

“ಹೇಗೆ ಹೇಳಲಿ? ಹೇಳಿದ್ರೆ ಹೆದರಿದ್ದೆ ಅಂತ ಒಪ್ಕೊಂಡ ಹಾಗಾಗುತ್ತಲ್ಲ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ ಅವಳೂ ರಿಟೈರ್ ಆದಳು, ನಾನೂ ಆದೆ. ನೀವು ಅವತ್ತು ಮನೆಗೆ ಬಂದು ಕೇಳಿದಾಗ ಅವಳೇ ನೆನಪಾಗಿದ್ದು. ಮಕ್ಕಳು ಎದುರಿಗೇ ಕೂತಿದ್ರು.”

ಅತ್ತಿಗೆ ಆ ಪುಟ ಬರೆದರು. ಚಿಕ್ಕದಾಗಿ, ಯಾವ ಬಣ್ಣವನ್ನೂ ಬಳಿಯದೆ. ಬರೆದು ಮೊದಲು ಲಿಫ್ಟಿನವರಿಗೆ ಓದಿ ಹೇಳಿದರು. ಅವರು ಒಂದೇ ಕಡೆ ಕೈ ಎತ್ತಿದರು. ನಾದಿನಿಯ ಸುದ್ದಿ ಬೇಡ, ಅವಳು ಇನ್ನೂ ಬದುಕಿದ್ದಾಳೆ ಎಂದರು. ಆಮೇಲೆ, ಅಚ್ಚಾಗುವ ಮೊದಲು ಆಯಾನೂ ಕೇಳಬೇಕು, ಅವಳು ಬೇಡ ಅಂದರೆ ಬೇಡ ಎಂದರು.

ಆಯಾ ತನ್ನ ತಂಗಿಯ ಮಗಳ ಮನೆಯಲ್ಲಿದ್ದಳು, ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಒಂದು ಕೋಣೆ. ಹೊರಗೆ ತಂತಿಯ ಉದ್ದಕ್ಕೂ ಯಾರ ಯಾರದೋ ಹಾಸಿಗೆ ಬಟ್ಟೆಗಳು. ಆಯಾಗೆ ಕಿವಿ ಮಂದ ಎಂದು ತಿಳಿದಿದ್ದರಿಂದ ಕಂಡಕ್ಟರನ್ನೂ ಕರೆದುಕೊಂಡು ಹೋಗಿದ್ದೆವು. ಅವರು ರಜೆ ಹಾಕಿ ಬಂದಿದ್ದರು. ಆ ಸಣ್ಣ ಕೋಣೆಯಲ್ಲಿ ನಿಂತು ಬಸ್ ನಿಲ್ದಾಣದ ದನಿಯಲ್ಲಿ ಓದಿದರು. ಇಸ್ತ್ರಿ ಮಾಡುತ್ತಿದ್ದವರು ಕೆಲಸ ಬಿಟ್ಟು ಬಾಗಿಲಿಗೆ ಬಂದರು. ಆಯಾ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಕಣ್ಣು ತೆರೆದು ಲಿಫ್ಟಿನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇವನು ಹೆದರಿದ್ದನಾ? ನನಗೇನು ಗೊತ್ತು?”

ಕಂಡಕ್ಟರ್ ಹಾಳೆ ಕೆಳಗಿಳಿಸಿದರು.

“ಅಲ್ಲಿ ಫ್ಯಾನ್ ಇತ್ತು” ಎಂದಳು ಆಯಾ. “ವಾರ್ಡಿನಲ್ಲಿ ಬೆಂದುಹೋಗ್ತಿದ್ವಿ. ಲಿಫ್ಟಿನಲ್ಲಿ ತಣ್ಣಗೆ ಕೂರಬಹುದು ಅಂತ ಬರ್ತಿದ್ದೆ. ಮಳೆ ಬಿದ್ದ ಮೇಲೆ ಬೇಕಾಗಲಿಲ್ಲ.”

ನಾನು ಅತ್ತಿಗೆಯ ಮುಖ ನೋಡಲಾರದೆ ನೆಲ ನೋಡಿದೆ. ಬರೆದ ಎರಡನೇ ಪುಟವೂ ಕೈಜಾರಿತು ಎಂದುಕೊಂಡೆ. ಆಗ ಲಿಫ್ಟಿನವರು ನಗತೊಡಗಿದರು. ಮೊದಲು ಭುಜ ಕುಲುಕಿತು, ಆಮೇಲೆ ದನಿ ಬಂತು, ಆಮೇಲೆ ಕಣ್ಣಲ್ಲಿ ನೀರು. ನಕ್ಕೂ ನಕ್ಕೂ ಸುಸ್ತಾಗಿ ಅವಳ ಎದುರು ನೆಲದ ಮೇಲೆ ಕೂತು, ಅವಳ ಕಿವಿಯ ಹತ್ತಿರ ಹೋಗಿ ಹೇಳಿದರು.

“ಫ್ಯಾನಿಗೇ ಬಂದೆಯಾದರೂ ಬಂದೆಯಲ್ಲಕ್ಕ. ನೀನು ಬರದೇ ಇದ್ದಿದ್ರೆ ನಾನು ಆ ಕೆಲಸ ಬಿಟ್ಟು ಓಡಿಹೋಗ್ತಿದ್ದೆ. ಅದನ್ನ ಹೇಳೋಕೆ ಬಂದೆ.”

ಆಯಾ ಅವರ ತಲೆಯ ಮೇಲೆ ಕೈಯಿಟ್ಟು, ಯಾಕೆ ಅಷ್ಟು ಕೂಗ್ತೀಯ, ಕೇಳಿಸ್ತು ಎಂದಳು. ಕಂಡಕ್ಟರ್ ಕಡೆ ತಿರುಗಿ, ಇನ್ನೊಂದು ಸಲ ಓದಪ್ಪ, ನನ್ನ ಅತ್ತೆಯನ್ನ ಬೈಯೋ ಜಾಗದಿಂದ ಎಂದಳು.

ಅತ್ತಿಗೆ ಫ್ಯಾನಿನ ಮಾತನ್ನೂ ಬರೆದರು. ಲಿಫ್ಟಿನವರು ಹೇಳಿದ್ದು ಅವರ ಬಾಯಲ್ಲಿ, ಆಯಾ ಹೇಳಿದ್ದು ಅವಳ ಬಾಯಲ್ಲಿ, ಮಧ್ಯೆ ತಮ್ಮದೊಂದು ಅಕ್ಷರವಿಲ್ಲ. ಹೊಸ ಪುಟಗಳನ್ನು ಪ್ರೆಸ್ಸಿನಿಂದ ತಂದು ಗುಂಪಿನವರೆಲ್ಲ ಹೊರಕೋಣೆಯಲ್ಲಿ ಚಾಪೆ ಹಾಸಿ ಕೂತೆವು. ಮಾತ್ರೆ ಅಕ್ಕ ಬ್ಲೇಡಿನಿಂದ ಹಳೆಯ ಪುಟವನ್ನು ಬುಡದಲ್ಲಿ ಕತ್ತರಿಸಿ ತೆಗೆದರು, ನಾನು ಗೋಂದು ಹಚ್ಚಿದೆ, ಮೇಷ್ಟ್ರು ಹೊಸದನ್ನು ಅಂಟಿಸಿ ಅಂಗೈಯಿಂದ ಒತ್ತಿದರು. ಸೊಟ್ಟಗೆ ಅಂಟಿಸುತ್ತೀರಿ ಎಂದು ಅವರಿಗೆ ಎಲ್ಲರಿಂದಲೂ ಬೈಗುಳ. ಕತ್ತರಿಸಿದ ಪುಟಗಳ ಮೇಲೆ ಆ ಹುಡುಗಿ ಮತ್ತೆ ಮತ್ತೆ ಗುಂಡಿ ಹಿಡಿದು ನಿಂತಿದ್ದಳು. ಅವಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅವಳಿಗೊಂದು ಕಥೆ ಬರೆಯುತ್ತೇನೆ, ಅವಳ ಜಾಗ ಅದು ಎಂದರು ಅತ್ತಿಗೆ. ಬರೆದರು ಕೂಡ. ಆ ಕಥೆ ಇನ್ನೂ ಯಾವ ಪತ್ರಿಕೆಯಲ್ಲೂ ಬಂದಿಲ್ಲ, ಆದರೆ ನಮ್ಮ ಗುಂಪಿನಲ್ಲಿ ಅದನ್ನು ಓದಿದ ಭಾನುವಾರ ಎಲ್ಲರೂ ಸುಮ್ಮನಾಗಿದ್ದೆವು.

ಸರಿಪಡಿಸಿದ ಪುಸ್ತಿಕೆಗಳನ್ನು ಅದೇ ಚೀಲದಲ್ಲಿ ಲಿಫ್ಟಿನವರಿಗೆ ಮರಳಿಸಿ, ಒಂದು ಪ್ರತಿಯನ್ನು ಅತ್ತಿಗೆ ಪ್ರೆಸ್ಸಿನ ಯಜಮಾನರಿಗೆ ಕೊಟ್ಟರು. ಪುಟವನ್ನು ಅಚ್ಚು ಹಾಕಿದ್ದು ಅವರೇ ಆದರೂ ಓದಿರಲಿಲ್ಲವಂತೆ, ಸಿಟ್ಟು ಇತ್ತು. ಈಗ ಯಂತ್ರದ ಪಕ್ಕದಲ್ಲಿ ನಿಂತೇ ಓದಿದರು. ಅವರು ಅಳಲಿಲ್ಲ. ಫ್ಯಾನಿನ ಜಾಗಕ್ಕೆ ಬಂದಾಗ ಮೂಗಿನಲ್ಲಿ ಒಂದು ನಗು ಬಂತು. ಪುಸ್ತಿಕೆ ಮುಚ್ಚಿ, ಕಪಾಟಿನಿಂದ ಆ ಅಂಚೆಯವರ ಕವರು ತೆಗೆದರು. ಬೇರೆ ಯಾರಿಗೂ ಕೊಟ್ಟಿರಲಿಲ್ಲ.

“ಇನ್ಮೇಲೆ ಪುಟ ನನ್ನ ಹತ್ತಿರ ತರೋ ಮೊದಲು ಅವರಿಗೇ ಓದಿ ಹೇಳಿ. ಅವರು ಹೂಂ ಅಂದ್ರೆ ಮಾತ್ರ ತನ್ನಿ. ಒಂದು ವಾರ ತಡ ಆದ್ರೂ ಪರವಾಗಿಲ್ಲ.”

ಈಗಲೂ ಅತ್ತಿಗೆಯ ಕೆಲಸ ಹಾಗೇ ನಡೆಯುತ್ತದೆ. ಪ್ರಶ್ನೆಗಳ ಹಾಳೆ ಇಲ್ಲ. ಎಲ್ಲಿ ಕೂರೋಣ ಎಂದು ಕೇಳುತ್ತಾರೆ, ಅವರು ಹೇಳಿದ ಕಡೆ ಹೋಗಿ ಕೂರುತ್ತಾರೆ. ನಾನು ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಕಾಲೇಜಿನಲ್ಲಿ ನನಗೆ ಬರವಣಿಗೆಯ ಬಗ್ಗೆ ಒಳ್ಳೆಯ ಪಾಠಗಳನ್ನೇ ಮಾಡಿದ್ದಾರೆ, ಅವರಿಗೆ ನಾನು ಋಣಿ. ಆದರೆ ಎದುರಿನವರು ಮಾತು ಹುಡುಕುತ್ತಿರುವಾಗ ನಮ್ಮ ಮಾತನ್ನು ಅವರ ಬಾಯಿಗೆ ಇಡದೆ ಕಾಯುವುದನ್ನು ಕಲಿಸಿದವರು ಅತ್ತಿಗೆ. ಅದಕ್ಕೆ ನಾನು ಅವರಿಗೆ ಏನು ಕೊಟ್ಟೇನು? ಹೀಗೆ ನಾಲ್ಕು ಪುಟ ಬರೆಯಬಲ್ಲೆ. ಇದನ್ನೂ ಅವರಿಗೆ ಓದಿ ಹೇಳಿದ್ದೇನೆ. ನೀನು ಬರೆದ ಹಾಗೆ ನಾನು ಪ್ರೆಸ್ಸಿನಲ್ಲಿ ಅಷ್ಟು ಧೈರ್ಯವಾಗಿ ನಿಂತಿರಲಿಲ್ಲ, ಮೇಜು ಹಿಡಿದುಕೊಂಡಿದ್ದೆ, ಅದನ್ನು ಸೇರಿಸು ಎಂದರು. ಸೇರಿಸಿದ್ದೇನೆ.

ಕವರು ಕೈಗೆ ಬಂದ ಅದೇ ದಿನ ಅತ್ತಿಗೆ ಪ್ರೆಸ್ಸಿನಿಂದ ನೇರವಾಗಿ ಹಲ್ಲಿನ ಕ್ಲಿನಿಕ್ಕಿಗೆ ನಡೆದರು. ಡಾಕ್ಟರು ಒಳಗೆ ಯಾರದೋ ಬಾಯಿ ನೋಡುತ್ತಿದ್ದರು. ಬಾಗಿಲಲ್ಲೇ ನಿಂತು, ನಾನು ವಾಪಸ್ ಬರುವುದಿಲ್ಲ ಡಾಕ್ಟರೇ, ಇಷ್ಟು ದಿನ ಕಾದಿದ್ದಕ್ಕೆ ನಿಮ್ಮ ಉಪಕಾರ ದೊಡ್ಡದು ಎಂದರು. ಡಾಕ್ಟರು ಕೈಗವಸಿನ ಕೈ ಎತ್ತಿ ಸರಿ ಎಂಬಂತೆ ಆಡಿಸಿದರು. ಹೊರಗೆ ಕೌಂಟರಿನ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದ್ದು ನಿಂತಿದ್ದಳು. ಒಂದು ವರ್ಷದಿಂದ ಅಲ್ಲಿ ಕೂತಿದ್ದರ ಗುರುತಾಗಿ ಅವಳದೆಂಬ ಒಂದು ಪೆನ್ನು ಕೂಡ ಮೇಜಿನ ಮೇಲಿರಲಿಲ್ಲ.

“ಹಾಗಾದ್ರೆ ನಾಳೆಯೂ ನಾನೇ ಬರಬಹುದಾ ಅಕ್ಕಾ?”

“ನಾಳೆಯೂ ನೀನೇ” ಎಂದರು ಅತ್ತಿಗೆ.

ಅವಳು ಕೂತಳು. ತೊಡೆಯ ಮೇಲಿಟ್ಟುಕೊಂಡಿದ್ದ ಕೈಚೀಲವನ್ನು ತೆಗೆದು, ಕುರ್ಚಿಯ ಹಿಂದಿನ ಗೋಡೆಯಲ್ಲಿದ್ದ ಮೊಳೆಗೆ ನೇತುಹಾಕಿದಳು. ಆಮೇಲೆ ಕಾಯುತ್ತಿದ್ದವರ ಕಡೆ ತಿರುಗಿ, ಮುಂದಿನವರು ಯಾರು ಎಂದು ಕೇಳಿದಳು.